ಲೇತಿನಲ್ಲಿ ಕಡಲ ಚಿಪ್ಪು: ಹಲಸಿನ ತೊಲೆಯಿಂದ ಸುರುಳಿ ಶಂಖದವರೆಗೆ

ಮರದಲ್ಲಿ ಕಡೆದ ಸುರುಳಿ ಚಿಪ್ಪುಗಳಲ್ಲಿ ಹೆಚ್ಚಿನವು ಚಿಪ್ಪಿನಂತೆ ಕಾಣುವುದಿಲ್ಲ, ಸ್ಕ್ರೂವಿನಂತೆ ಕಾಣುತ್ತವೆ. ಕೈಕೆಲಸ ಎಷ್ಟೇ ನಯವಾಗಿರಲಿ, ಸುತ್ತುಗಳ ನಡುವಿನ ಅಂತರವನ್ನು ಒಂದೇ ಅಳತೆಯಲ್ಲಿ ಇಟ್ಟರೆ ಹೀಗಾಗದೆ ಇರದು. ಬಸವನಹುಳುವಿನ ಜಾತಿಯ ಪ್ರಾಣಿ ಚಿಪ್ಪನ್ನು ಬೆಳೆಸುವುದು ಬಾಯಿಯ ಅಂಚಿನಲ್ಲಿ ಮಾತ್ರ. ಹಳೆಯ ಭಾಗ ಹಾಗೆಯೇ ಉಳಿಯುತ್ತದೆ, ಹೊಸ ಭಾಗ ಅದೇ ಆಕಾರದಲ್ಲಿ ದೊಡ್ಡದಾಗುತ್ತ ಸೇರಿಕೊಳ್ಳುತ್ತದೆ. ಹಾಗಾಗಿ ಒಂದು ಸುತ್ತಿಗೂ ಮುಂದಿನ ಸುತ್ತಿಗೂ ನಡುವೆ ಇರುವುದು ಒಂದೇ ಅಂತರವಲ್ಲ, ಒಂದೇ ಅನುಪಾತ. ಹೆನ್ರಿ ಮೋಸ್ಲಿ ಎಂಬ ಇಂಗ್ಲಿಷ್ ಗಣಿತಜ್ಞ 1838ರಲ್ಲೇ ಚಿಪ್ಪುಗಳನ್ನು ಅಳೆದು ಇದನ್ನು ತೋರಿಸಿದ್ದ. ಲೇತ್ ನಮಗೆ ಕೊಡುವುದು ಶುದ್ಧವಾದ ಶಂಕು ಮತ್ತು ತಪ್ಪದ ನಡುಗೆರೆ, ಅಷ್ಟೇ. ಚಿಪ್ಪು ಹುಟ್ಟುವುದು ಗುರುತು ಹಾಕುವಾಗ.

ಇಲ್ಲಿ ಹೇಳುವುದು ಕುಂಬಳೆ, ಬೇಕಲದ ಕಡಲ ಬದಿಯಲ್ಲಿ ಸಿಗುವಂಥ, ಉದ್ದಕ್ಕೆ ಮೊನಚಾದ ಸುರುಳಿ ಚಿಪ್ಪಿನ ಮಾದರಿ. ಶಾಸ್ತ್ರದವರು ಟರಿಟೆಲ್ಲಾ ಎನ್ನುವ ಬಗೆ. ಉದ್ದ ಸುಮಾರು 170 ಮಿ.ಮೀ., ಅತಿ ದಪ್ಪವಿರುವಲ್ಲಿ 66 ಮಿ.ಮೀ. ಸ್ಪಿಂಡಲ್ ಕಡೆಯುವ ಅಭ್ಯಾಸ ಇರುವವರಿಗೆ, ಎಂದರೆ ತೊಟ್ಟಿಲ ಕಾಲು, ಮೆಟ್ಟಿಲ ಕಂಬ ಕಡೆದವರಿಗೆ ಲೇತಿನ ಭಾಗ ಅರ್ಧ ದಿನದ ಕೆಲಸ. ಕೈಯಿಂದ ಕೆತ್ತುವ ಭಾಗಕ್ಕೆ ಅದರ ಮೂರು ಪಟ್ಟು ಹೊತ್ತು ಹಿಡಿಯುತ್ತದೆ.

ಮರ

ಹಲಸು ಒಳ್ಳೆಯದು. ಉಳಿಗೆ ಸುಲಭವಾಗಿ ಬಗ್ಗುತ್ತದೆ, ಗೆರೆ ಚೊಕ್ಕವಾಗಿ ನಿಲ್ಲುತ್ತದೆ, ಹಳದಿ ಬಣ್ಣ ಬೆಳಕಿಗೆ ಕೆಲವೇ ತಿಂಗಳಲ್ಲಿ ಜೇನು ಕಂದಿಗೆ ತಿರುಗುತ್ತದೆ. ಆದರೆ ಹಸಿ ಹಲಸನ್ನು ಮುಟ್ಟಬೇಡಿ. ಮಯಣ ಉಳಿಗೂ ಉಪ್ಪು ಕಾಗದಕ್ಕೂ ಅಂಟಿ ಕೂರುತ್ತದೆ, 75 ಮಿ.ಮೀ. ದಪ್ಪದ ಗಟ್ಟಿ ತುಂಡು ಒಣಗುವಾಗ ಸೀಳು ಬಿಡುತ್ತದೆ. ಗಾಳಿಗೆ ಒಣಗಿಸುವುದಾದರೆ ಇಂಚು ದಪ್ಪಕ್ಕೆ ಒಂದು ವರ್ಷ ಎಂಬುದು ಹಳೆಯ ಲೆಕ್ಕ. ಮೂರಿಂಚಿಗೆ ಅಷ್ಟು ಕಾಯುವವರು ಯಾರು? ನಮ್ಮ ಕಡೆ ಇದಕ್ಕೆ ಸಲೀಸಾದ ದಾರಿ ಇದೆ. ಹಂಚಿನ ಮನೆ ಕೆಡವಿದಲ್ಲಿ ಹಲಸಿನ ತೊಲೆ, ಜಂತಿಗಳು ಸಿಗುತ್ತವೆ, ತಲೆಮಾರಿನಿಂದ ಒಣಗಿದ ಮರ. ಪಕ್ಕಾಸು ಈ ಅಳತೆಗೆ ಸಾಲದು, ತೊಲೆಯೇ ಬೇಕು. ಕೊಯ್ಯುವ ಮೊದಲು ನಾಲ್ಕೂ ಮೈಗೆ ದೊಡ್ಡ ಅಯಸ್ಕಾಂತ ಆಡಿಸಿ. ಸ್ಪೀಕರಿನಿಂದ ತೆಗೆದದ್ದೂ ಆದೀತು. ತಲೆ ತುಕ್ಕು ಹಿಡಿದು ಕರಗಿಹೋದ ಮೊಳೆ ಕಣ್ಣಿಗೆ ಬೀಳುವುದಿಲ್ಲ. ಮರದಲ್ಲಿ ನೀಲಿಗಪ್ಪು ಕಲೆ ಕಂಡರೆ ಒಳಗೆ ಕಬ್ಬಿಣ ಇದೆ ಎಂದೇ ಲೆಕ್ಕ.

ಹೆಬ್ಬಲಸು, ಮಹಾಗನಿ, ಹಳೆಯ ಸಾಗುವಾನಿ ಕೂಡ ನಡೆಯುತ್ತವೆ. ಸಾಗುವಾನಿಯಲ್ಲಿ ಸಿಲಿಕಾ ಇರುವುದರಿಂದ ಉಳಿಯ ಮೊನೆ ಬೇಗ ಸಾಯುತ್ತದೆ, ಮತ್ತೆ ಮತ್ತೆ ಮಸೆಯಬೇಕು. ರಬ್ಬರ್ ಮರದ ತಿಳಿ ಬಣ್ಣ ಚಿಪ್ಪಿಗೆ ಹೇಳಿ ಮಾಡಿಸಿದಂತಿದೆ, ಆದರೆ ಕಡಿದ ಕೆಲವೇ ದಿನಗಳಲ್ಲಿ ನೀಲಿ ಬೂಸ್ಟು ಹಿಡಿಯುತ್ತದೆ, ಹಿಂದೆಯೇ ಕುಟ್ಟೆ ಹುಳ. ಬೋರಾನ್ ಔಷಧ ಕೊಟ್ಟು ಒಣಗಿಸಿದ ಹಲಗೆಯನ್ನೇ ಕೊಳ್ಳಿ. 25 ಮಿ.ಮೀ.ನ ಮೂರು ಹಲಗೆ ಅಂಟಿಸಿದರೆ ದಪ್ಪ ಸಾಕಾಗುತ್ತದೆ. ತೆಂಗಿನ ಮರ ಮೊದಲ ಚಿಪ್ಪಿಗೆ ಬೇಡ: ಹೊರಭಾಗ ಕಲ್ಲಿನಷ್ಟು ಗಟ್ಟಿ, ಒಳಭಾಗ ಮೆತ್ತಗೆ, ತೋಡು ಕೆತ್ತುವಾಗ ನಾರು ಎದ್ದು ಬರುತ್ತದೆ.

ತುಂಡು ಪೂರ್ತಿ ಒಣಗಿದೆಯೇ ಎಂದು ತಿಳಿಯಲು ಅಡುಗೆಮನೆಯ ತಕ್ಕಡಿ ಸಾಕು. ವಾರಕ್ಕೊಮ್ಮೆ ತೂಗಿ ಬರೆದಿಡಿ, ಮೂರು ವಾರ ತೂಕ ಬದಲಾಗದಿದ್ದರೆ ಕೆಲಸಕ್ಕೆ ತೆಗೆದುಕೊಳ್ಳಿ. ಮಳೆಗಾಲದಲ್ಲಿ ಈ ಪರೀಕ್ಷೆಯನ್ನು ನೆಚ್ಚಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗಿದ ಮರವೂ ಗಾಳಿಯ ತೇವ ಹೀರಿ ಭಾರವಾಗುತ್ತದೆ.

ತುಂಡಿನ ಅಳತೆ 75 × 75 × 220 ಮಿ.ಮೀ., ನಾರು ಉದ್ದಕ್ಕೆ ಓಡಬೇಕು. ಮರದ ನಡುತಿರುಳು ತುಂಡಿನೊಳಗೆ ಇರಲೇಬಾರದು, ಸೀಳು ಶುರುವಾಗುವುದು ಅಲ್ಲಿಂದಲೇ.

ಶಂಕು ಕಡೆಯುವುದು

ಎರಡು ಸೆಂಟರುಗಳ ನಡುವೆ ಹಾಕಿ, ಮೊದಲು ನಿಮಿಷಕ್ಕೆ 800–1000 ಸುತ್ತಿನಲ್ಲಿ ರಫಿಂಗ್ ಗೌಜಿನಿಂದ ಉರುಟು ಮಾಡಿ. ಎಡ ತುದಿಯಲ್ಲಿ ಚಕ್‌ನ (ತುಂಡನ್ನು ಕಚ್ಚಿ ತಿರುಗಿಸುವ ಭಾಗ) ದವಡೆಗೆ ಹೊಂದುವ ಹಿಡಿ ಕಡೆಯಿರಿ: ಸಾಮಾನ್ಯ 50 ಮಿ.ಮೀ. ದವಡೆಗೆ ಸುಮಾರು 50 ಮಿ.ಮೀ. ವ್ಯಾಸ, 10 ಮಿ.ಮೀ. ಉದ್ದ. ಹಿಡಿಯ ಭುಜ ದವಡೆಯ ಮುಖಕ್ಕೆ ಒರಗಬೇಕು, ಹಿಡಿಯ ತಳ ಚಕ್‌ನ ಒಳತಳಕ್ಕೆ ತಾಗಬಾರದು. ತಾಗಿದರೆ ಎಷ್ಟು ಬಿಗಿದರೂ ತುಂಡು ಅಲುಗುತ್ತಲೇ ಇರುತ್ತದೆ. ಚಕ್‌ಗೆ ಕಚ್ಚಿಸಿದ ಮೇಲೂ ಬಲ ತುದಿಗೆ ಆಸರೆ ಕೊಡುವ ಟೇಲ್‌ಸ್ಟಾಕ್ ತೆಗೆಯಬೇಡಿ.

ಚಿಪ್ಪಿನ ತುದಿ ಬಲಕ್ಕೆ, ಟೇಲ್‌ಸ್ಟಾಕ್ ಕಡೆ. ಬುಡ ಚಕ್ ಕಡೆ. ಟೇಲ್‌ಸ್ಟಾಕ್ ತುದಿಯಿಂದ 10 ಮಿ.ಮೀ. ಒಳಕ್ಕೆ ಒಂದು ಗೆರೆ ಹಾಕಿ. ಇದೇ ಸೊನ್ನೆ, ಶಂಕುವಿನ ನಿಜವಾದ ಮೊನೆ ಇರಬೇಕಾದ ಜಾಗ. ಅಲ್ಲಿಂದ 150 ಮಿ.ಮೀ. ದೂರದಲ್ಲಿ ವ್ಯಾಸ 66. ನಡುವೆ ಎಲ್ಲಿಯಾದರೂ ವ್ಯಾಸ ಎಷ್ಟಿರಬೇಕೆಂದು ತಿಳಿಯಲು ಸೊನ್ನೆಯಿಂದ ಇರುವ ದೂರವನ್ನು 0.44ರಿಂದ ಗುಣಿಸಿ: 107ರಲ್ಲಿ 47, 76ರಲ್ಲಿ 33, 55ರಲ್ಲಿ 24, 39ರಲ್ಲಿ 17. ಈ ನಾಲ್ಕು ಕಡೆ ಪಾರ್ಟಿಂಗ್ ಟೂಲ್‌ನಿಂದ ಕ್ಯಾಲಿಪರ್ ಅಳತೆಗೆ ಇಳಿಸಿ, ಆಮೇಲೆ ನಡುವಿನ ಮರ ತೆಗೆಯಿರಿ. ವೇಗ 1500–1800. ಯಾವಾಗಲೂ ದಪ್ಪದಿಂದ ಸಣ್ಣಕ್ಕೆ, ಬುಡದಿಂದ ತುದಿಗೆ ಕಡೆಯಿರಿ. ಉಲ್ಟಾ ದಿಕ್ಕಿಗೆ ಕಡೆದರೆ ಆಸರೆಯಿಲ್ಲದ ನಾರು ಉಳಿಯ ಮುಂದೆ ಎದ್ದು ಕಿತ್ತುಬರುತ್ತದೆ.

ಮೊನೆಯನ್ನು ಈಗಲೇ ಮಾಡಬೇಡಿ. ವ್ಯಾಸ 12 ಮಿ.ಮೀ. ಆದಲ್ಲಿಗೆ, ಎಂದರೆ ಸೊನ್ನೆಯಿಂದ 27ರ ಹತ್ತಿರ, ಶಂಕುವನ್ನು ನಿಲ್ಲಿಸಿ ಅಲ್ಲಿಂದ ಟೇಲ್‌ಸ್ಟಾಕ್‌ವರೆಗೆ 12 ಮಿ.ಮೀ.ನ ಕಡ್ಡಿಯಾಗಿಯೇ ಬಿಡಿ. ಅದಕ್ಕಿಂತ ತೆಳುವಾದರೆ ಉಳಿ ತಾಗಿದೊಡನೆ ನಡುಗಿ ಮೈಯೆಲ್ಲ ಬರೆ ಬೀಳುತ್ತದೆ, ಮುಂದೆ ಕೆತ್ತುವಾಗ ಮುರಿಯುತ್ತದೆ. ಬುಡದ ಕಡೆ 150 ದಾಟಿದ ಮೇಲೆ 20 ಮಿ.ಮೀ. ಉದ್ದಕ್ಕೆ ಉರುಟಾಗಿ ಒಳಗೆ ಇಳಿಸಿ, 25 ಮಿ.ಮೀ. ದಪ್ಪದ ಕುತ್ತಿಗೆ ಬಿಡಿ. ಕೆತ್ತನೆಯ ಭಾರವನ್ನೆಲ್ಲ ಹೊರುವುದು ಈ ಕುತ್ತಿಗೆಯೇ.

ಗುರುತು: ಇಲ್ಲಿ ಅವಸರ ಮಾಡಬೇಡಿ

ಮೊದಲಿಗೆ ಗೋಡೆಯ ಸ್ವಿಚ್ ಆರಿಸಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುವುದು ಹೊಸತಲ್ಲ. ಇಂಡೆಕ್ಸ್ ಪಿನ್ (ಲೇತ್ ತಿರುಗದಂತೆ ತೂತಿನಲ್ಲಿ ಹಿಡಿದಿಡುವ ಕಡ್ಡಿ) ಹಾಕಿಟ್ಟ ಲೇತ್ ಕರೆಂಟ್ ಬಂದೊಡನೆ ತಾನಾಗಿ ತಿರುಗಿದರೆ ಪಿನ್ ಮುರಿಯುತ್ತದೆ, ಕೈ ಅಲ್ಲೇ ಇದ್ದರೆ ಬೆರಳೂ ಉಳಿಯದು.

ಶಂಕುವಿನ ಉದ್ದಕ್ಕೆ ಎಂಟು ಗೆರೆಗಳು ಬೇಕು. ಲೇತಿನಲ್ಲಿ 24 ತೂತಿನ ಇಂಡೆಕ್ಸ್ ಇದ್ದರೆ ಮೂರು ಮೂರು ತೂತಿಗೆ ಒಂದು. ಇಲ್ಲದಿದ್ದರೆ ಬುಡಕ್ಕೆ ಕಾಗದದ ಪಟ್ಟಿ ಸುತ್ತಿ, ಸರಿಯಾಗಿ ಕೂಡುವಲ್ಲಿ ಕತ್ತರಿಸಿ, ಮೂರು ಸಲ ಮಡಚಿ ಬಿಡಿಸಿದರೆ ಎಂಟು ಭಾಗ. ಟೂಲ್‌ರೆಸ್ಟನ್ನು ಸರಿಯಾಗಿ ಸೆಂಟರಿನ ಎತ್ತರಕ್ಕೆ ತಂದು, ಅದಕ್ಕೆ ಪೆನ್ಸಿಲ್ ಒರಗಿಸಿ ಗೆರೆ ಎಳೆಯಿರಿ. ನಿಮ್ಮ ಎದುರು ಇರುವುದು 1. ಅದರ ಕೆಳಗಿನದು 2, ಇನ್ನೂ ಕೆಳಗಿನದು 3, ಹೀಗೆ ಹಿಂದಿನಿಂದ ಸುತ್ತಿ ಮೇಲಿನಿಂದ ಬಂದಾಗ 8.

ಈಗ ಅಳತೆ. ಒಂದು ಸುತ್ತಿಗೆ 1.4ರ ಅನುಪಾತ ಇಟ್ಟುಕೊಳ್ಳೋಣ. 1ನೇ ಗೆರೆಯ ಮೇಲೆ ಸೊನ್ನೆಯಿಂದ 150, 107, 76.5, 54.5, 39, 28 ಮಿ.ಮೀ.ಗೆ ಚುಕ್ಕೆ. ಪ್ರತಿಯೊಂದೂ ಹಿಂದಿನದನ್ನು 1.4ರಿಂದ ಭಾಗಿಸಿದ್ದು. ಒಂದು ಸುತ್ತಿನೊಳಗೂ ಅದೇ ನಿಯಮ ನಡೆಯಬೇಕು, ಆದ್ದರಿಂದ ಒಂದೊಂದು ಗೆರೆಗೆ ಸುಮಾರು 0.959ರಿಂದ ಗುಣಿಸಿಕೊಂಡು ಹೋಗಿ. ಮೊದಲ ಸುತ್ತು: 1ರಲ್ಲಿ 150, 2ರಲ್ಲಿ 144, 3ರಲ್ಲಿ 138, 4ರಲ್ಲಿ 132, 5ರಲ್ಲಿ 127, 6ರಲ್ಲಿ 121.5, 7ರಲ್ಲಿ 116.5, 8ರಲ್ಲಿ 112, ಮತ್ತೆ 1ಕ್ಕೆ ಬಂದಾಗ 107. ಎರಡನೆಯ ಸುತ್ತು: 107, 102.5, 98.5, 94.5, 90.5, 87, 83, 80, 76.5. ಮುಂದಿನವನ್ನು ಇದೇ ರೀತಿ ಮಾಡಿಕೊಳ್ಳಿ. ಎಲ್ಲವನ್ನೂ ಲೇತಿನ ನಡುಗೆರೆಗೆ ಸಮಾನಾಂತರವಾಗಿ ಒಂದೇ ಸ್ಟೀಲ್ ಸ್ಕೇಲಿನಿಂದ, ಅದೇ ಸೊನ್ನೆಯಿಂದ ಅಳೆಯಬೇಕು. ನಡುವೆ ಸ್ಕೇಲ್ ಒಂದು ಮಿ.ಮೀ. ಜಾರಿದರೆ ಬುಡದಲ್ಲಿ ಅದು ಗೊತ್ತೇ ಆಗದು, ಆದರೆ 39ರ ಹತ್ತಿರ 8ನೇ ಗೆರೆಯಿಂದ 1ಕ್ಕೆ ಬರುವಾಗ ಸುರುಳಿ ಮೆಟ್ಟಿಲಾಗಿ ನಿಲ್ಲುತ್ತದೆ.

ಚುಕ್ಕೆಗಳನ್ನು ತೆಳುವಾದ ಪ್ಲಾಸ್ಟಿಕ್ ಪಟ್ಟಿ ಬಗ್ಗಿಸಿ ಸೇರಿಸಿ. ನೇರ ಗೆರೆಯಿಂದ ಸೇರಿಸಿದರೆ ಮೂಲೆ ಮೂಲೆಯಾದ ಸುರುಳಿ ಬರುತ್ತದೆ.

ದಿಕ್ಕು ಸರಿಯೇ ಎಂದು ನೋಡಲು ಒಂದು ಸಾಮಾನ್ಯ ಮರದ ಸ್ಕ್ರೂವನ್ನು ಪಕ್ಕದಲ್ಲಿ ಹಿಡಿಯಿರಿ. ಎರಡರ ಗೆರೆಯೂ ಒಂದೇ ಕಡೆಗೆ ವಾಲಬೇಕು. ಕಡಲಿನ ಸುರುಳಿ ಚಿಪ್ಪುಗಳಲ್ಲಿ ಬಹುಪಾಲು ಇದೇ ದಿಕ್ಕಿನವು: ತುದಿ ಮೇಲೆ ಮಾಡಿ ಬಾಯಿಯನ್ನು ನಮ್ಮತ್ತ ಹಿಡಿದರೆ ಬಾಯಿ ಬಲಕ್ಕೆ ಬರುತ್ತದೆ. ಪೂಜೆಗೆ ಬೆಲೆಕಟ್ಟುವ ಬಲಮುರಿ ಶಂಖ ಅಪರೂಪದ ವಿರುದ್ಧ ದಿಕ್ಕಿನದು. ಶಂಖವನ್ನು ತುದಿ ಕೆಳಗೆ ಮಾಡಿ ಹಿಡಿಯುವ ರೂಢಿಯಿಂದಾಗಿ ಅದರ ಬಾಯಿ ಬಲಕ್ಕೆ ಕಾಣುತ್ತದೆ. ಯಾರಾದರೂ ಅದನ್ನೇ ಕೇಳಿದರೆ ಗೆರೆಗಳ ಸಂಖ್ಯೆಯನ್ನು ಕೆಳಗಿನಿಂದ ಮೇಲಕ್ಕೆ ಹಾಕಿದರಾಯಿತು.

ತೋಡು ಮತ್ತು ಉಬ್ಬು

ತೋಡು ತೆಗೆಯುವುದು 1ನೇ ಗೆರೆಯ 107ರಿಂದ ತುದಿಯ ಕಡೆಗೆ ಮಾತ್ರ. 150ರಿಂದ 107ರವರೆಗಿನ ಸುತ್ತು ತೋಡಲ್ಲ, ಬುಡ ಒಳಕ್ಕೆ ತಿರುಗುವ ಅಂಚು. ಅದಕ್ಕೆ ಬೇರೆ ಬಣ್ಣದ ಪೆನ್ಸಿಲ್ ಬಳಸಿ.

ಸುರುಳಿ ಗೆರೆಯ ಮೇಲೆ ಮೊದಲು ಚೂಪಾದ ಚಾಕುವಿನಿಂದ ಗೀರಿ, ಆಮೇಲೆ ತ್ರಿಕೋನ ಉಳಿ ಓಡಿಸಿ. ಗೀರದೆ ಉಳಿ ಹಾಕಿದರೆ ಹಲಸಿನ ನಾರು ಗೆರೆ ದಾಟಿ ಸಿಗಿಯುತ್ತದೆ. ತೋಡಿನ ಆಳ ಆ ಜಾಗದ ವ್ಯಾಸದ ಹತ್ತರಲ್ಲೊಂದು ಪಾಲು: 47 ಇರುವಲ್ಲಿ 4.5 ಮಿ.ಮೀ., 24 ಇರುವಲ್ಲಿ 2.5, 12 ಇರುವಲ್ಲಿ ಒಂದು ಚಿಲ್ಲರೆ. ಎಲ್ಲ ಕಡೆ ಒಂದೇ ಆಳ ಇಟ್ಟರೆ ಬುಡ ಚಪ್ಪಟೆಯಾಗಿ ಕಾಣುತ್ತದೆ, ತುದಿ ಕತ್ತು ಹಿಸುಕಿದಂತಾಗುತ್ತದೆ.

ಇನ್ನು ಉಬ್ಬು. ಎರಡು ತೋಡುಗಳ ನಡುವಿನ ಮೈಯನ್ನು ಅರ್ಧ ಉರುಟು ಅರದಿಂದ ಬಾಗಿಸುತ್ತ ಬನ್ನಿ. ಅತಿ ಎತ್ತರದ ಜಾಗ ನಟ್ಟನಡುವೆ ಬರಬಾರದು. ಸುತ್ತಿನ ಅಗಲವನ್ನು ಮೂರು ಪಾಲು ಮಾಡಿದರೆ ತುದಿಯಿಂದ ಎರಡು ಪಾಲು ದಾಟಿದ ಮೇಲೆ, ಬುಡದ ಬದಿಗೆ ಬರಬೇಕು. ನಡುವೆ ಇಟ್ಟರೆ ಮಣಿ ಪೋಣಿಸಿದಂತೆ ಕಾಣುತ್ತದೆ. ಇಲ್ಲಿಯೂ ಎತ್ತರದಿಂದ ತೋಡಿನೊಳಗೆ ಇಳಿಯುವಂತೆ ಕೆತ್ತಿ, ಎರಡು ಬದಿಯಿಂದಲೂ. ಎರಡೂ ಬದಿಯ ನಾರು ತೋಡಿನ ತಳದಲ್ಲಿ ಎದುರುಬದುರಾಗುತ್ತದೆ, ಅಲ್ಲಿ ಗುಂಜು ಏಳುವುದು ಖಂಡಿತ. ಅದನ್ನು ಅರದಿಂದ ಉಜ್ಜಿ ತೆಗೆಯಲು ಹೋಗಬೇಡಿ, ಚಾಕುವಿನ ಮೊನೆಯಿಂದ ಕತ್ತರಿಸಿ ತೆಗೆಯಿರಿ.

ಕೈಯಲ್ಲಿ ಹಿಡಿಯುವ ರೋಟರಿ ಯಂತ್ರ ಇದ್ದರೆ ಬೇಗ ಆಗುತ್ತದೆ, ಆದರೆ ಏಳುವ ಧೂಳು ಹಿಟ್ಟಿನಷ್ಟು ನುಣ್ಣಗಿರುತ್ತದೆ. ಎನ್-95 ಮಾಸ್ಕ್ ಇಲ್ಲದೆ ಮಾಡಬೇಡಿ. ಸಾಗುವಾನಿಯ ಧೂಳು ಹಲವರಿಗೆ ಮೈ ತುರಿಕೆ ತರುತ್ತದೆ.

ಬುಡ ಮತ್ತು ಬಾಯಿ

ಚಿಪ್ಪು ಸಪ್ಪೆಯಾಗುವುದು ಹೆಚ್ಚಾಗಿ ಇಲ್ಲೇ. ಲೇತ್ ಕಡೆದುಕೊಟ್ಟ ಉರುಟು ಬುಡವನ್ನು ಹಾಗೆಯೇ ಬಿಟ್ಟು, ಪಕ್ಕದಲ್ಲಿ ಒಂದು ತೂತು ಕೊರೆದು ಬಾಯಿ ಎನ್ನುತ್ತಾರೆ. ನಿಜವಾದ ಚಿಪ್ಪಿನ ಬುಡ ಓರೆಯಾಗಿರುತ್ತದೆ. ಬೇರೆ ಬಣ್ಣದಲ್ಲಿ ಗುರುತಿಸಿದ ಅಂಚನ್ನು ನೋಡಿ: 1ನೇ ಗೆರೆಯಲ್ಲಿ 150ರಲ್ಲಿದೆ, 5ರಲ್ಲಿ 127ಕ್ಕೆ ಬಂದಿದೆ, 8ರಲ್ಲಿ 112ಕ್ಕೆ. ಈ ಅಂಚಿನಿಂದ ಕುತ್ತಿಗೆಯ ಕಡೆಗಿರುವ ಮರವನ್ನೆಲ್ಲ ಒಳಕ್ಕೆ ಬಾಗಿಸಿ ತೆಗೆಯಬೇಕು. ನಡುವೆ 14 ಮಿ.ಮೀ. ದಪ್ಪದ ಕಂಬವೊಂದು ಉಳಿಯುವವರೆಗೆ. 8ನೇ ಗೆರೆಯ ಬದಿಯಲ್ಲಿ ಹೀಗೆ ತೆಗೆಯುವ ಮರವೇ ಹೆಚ್ಚು. ಅದು ಹೋದಾಗ 8ಕ್ಕೂ 1ಕ್ಕೂ ನಡುವೆ ಕಡಿದಾದ ಒಂದು ಮೆಟ್ಟಿಲು ಉಳಿಯುತ್ತದೆ, ಸುಮಾರು 40 ಮಿ.ಮೀ. ಎತ್ತರ, 22 ಮಿ.ಮೀ. ಅಗಲ. ಬಾಯಿ ಇದೇ. ಬೇರೆಲ್ಲೂ ಹುಡುಕಬೇಕಾಗಿಲ್ಲ. ಈ ಕೆಲಸ ಮುಗಿಯುವವರೆಗೆ 25 ಮಿ.ಮೀ. ಕುತ್ತಿಗೆಯನ್ನು ಮುಟ್ಟಬೇಡಿ, ಕಂಬವನ್ನು ಅದಕ್ಕೆ ಸೇರುವಂತೆಯೇ ಬಿಡಿ.

ಮೆಟ್ಟಿಲಿನ ಮುಖದ ಮೇಲೆ ಮೊಟ್ಟೆಯಾಕಾರ ಬರೆದು, ಸುತ್ತಲೂ 3 ಮಿ.ಮೀ. ಬಿಡಿ, ಆಚಾರಿಗಳ ಲೆಕ್ಕದಲ್ಲಿ ಒಂದು ಸೂತ. ಒಳಗೆ 8 ಮಿ.ಮೀ. ಡ್ರಿಲ್ ಬಿಟ್ಟಿನಿಂದ ಒಂದಕ್ಕೊಂದು ತಾಗುವಂತೆ ತೂತು ಕೊರೆಯಿರಿ. ಆಳ 12 ಮಿ.ಮೀ. ಮೀರಬಾರದು, ಬಿಟ್ಟಿಗೆ ಟೇಪ್ ಸುತ್ತಿ ಗುರುತು ಮಾಡಿಕೊಳ್ಳಿ. ಕೊಳವೆ ಒಳಗೆ ಬಾಗುತ್ತ ಹೋಗುತ್ತದೆ, ಡ್ರಿಲ್ ನೇರಕ್ಕೆ ಹೋಗುತ್ತದೆ. 12 ದಾಟಿದರೆ ಹೊರಗೋಡೆ ಒಡೆದು ಡ್ರಿಲ್ ಬಿಟ್ಟು ಆಚೆ ಮೂಗು ತೋರಿಸುತ್ತದೆ. ಅದಕ್ಕಿಂತ ಒಳಗಿನ ಭಾಗವನ್ನು ಉರುಟು ತಲೆಯ ಬರ್‌ನಿಂದ ಬಾಗು ಹಿಡಿದು ತೋಡಿ. 25 ಮಿ.ಮೀ.ವರೆಗೆ ಹೋದರೆ ಸಾಕು. ಅಲ್ಲಿಂದ ಮುಂದೆ ನೆರಳೇ ಕೆಲಸ ಮಾಡುತ್ತದೆ, ನೋಡುವವರ ಕಣ್ಣಿಗೆ ಕೊನೆ ಕಾಣುವುದಿಲ್ಲ.

ಬಾಯಿಯ ಹೊರ ಅಂಚು ನಾರಿನ ಉದ್ದಕ್ಕೇ ಇದೆ. ಎರಡು ಮಿ.ಮೀ.ಗಿಂತ ತೆಳು ಮಾಡಿದರೆ ಸಿಬಿರಿನಂತೆ ಎದ್ದುಹೋಗುತ್ತದೆ. ಎದ್ದರೆ ತುಂಡನ್ನು ಹುಡುಕಿ ಇಟ್ಟುಕೊಳ್ಳಿ, ನೀರಿನಂತೆ ತೆಳುವಾದ ಫೆವಿಕ್ವಿಕ್ ಹನಿಸಿ ಮತ್ತೆ ಕೂರಿಸಿದರೆ ಗೆರೆಯೂ ಕಾಣದು.

ಉಜ್ಜುವುದು, ಕತ್ತರಿಸುವುದು

ತೋಡು ಬಿದ್ದ ಮೇಲೆ ಲೇತ್ ಓಡಿಸಿ ಉಜ್ಜುವಂತಿಲ್ಲ, ಉಬ್ಬುಗಳು ಬೆರಳನ್ನು ಎಳೆದುಕೊಳ್ಳುತ್ತವೆ. ಚಕ್ಕನ್ನು ಕೈಯಿಂದ ತಿರುಗಿಸುತ್ತ 120, 180, 240, 320 ನಂಬರಿನ ಉಪ್ಪು ಕಾಗದ ಬಳಸಿ. ತೋಡಿಗೆ ಬಟ್ಟೆ ಬೆನ್ನಿನ ಕಾಗದವನ್ನು 5 ಮಿ.ಮೀ. ಪಟ್ಟಿ ಮಾಡಿ, ಬೂಟು ಒರೆಸುವಂತೆ ಎಳೆಯಿರಿ. 240 ಆದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಲು ಬಿಡಿ. ಮಲಗಿದ್ದ ನಾರು ಎದ್ದು ನಿಲ್ಲುತ್ತದೆ, ಅದನ್ನು 320 ತೆಗೆಯುತ್ತದೆ. ಆಮೇಲೆ ಬುಡದ ಕುತ್ತಿಗೆಯನ್ನು 10 ಮಿ.ಮೀ.ಗೆ ಇಳಿಸಿ, ಲೇತ್ ನಿಲ್ಲಿಸಿ, ಎರಡು ಕಡೆಯನ್ನೂ ಸಣ್ಣ ಹಲ್ಲಿನ ಗರಗಸದಿಂದ ಕೊಯ್ಯಿರಿ. 12 ಮಿ.ಮೀ. ಕಡ್ಡಿಯನ್ನು ಕೈಯಲ್ಲಿ ಹಿಡಿದು ಚಾಕುವಿನಿಂದ ಮೊನೆ ಮಾಡಿ, ಉಳಿದ ಒಂದೆರಡು ಸುತ್ತನ್ನು ಕಣ್ಣಂದಾಜಿನಲ್ಲೇ ಎಳೆಯಿರಿ. ನಿಜ ಚಿಪ್ಪುಗಳ ತುದಿ ಅಲೆಗೆ ಸವೆದು ಮೊಂಡಾಗಿರುತ್ತದೆ, ಆದ್ದರಿಂದ ಸೂಜಿಯಂತೆ ಚೂಪು ಮಾಡುವ ಹಟ ಬೇಡ.

ಎಣ್ಣೆ, ಪಾಲಿಶ್

ತೆಂಗಿನೆಣ್ಣೆ ಹಚ್ಚಬೇಡಿ. ಮನೆಯಲ್ಲಿ ಇದೆ ಎಂದು ಹಚ್ಚುವವರು ಬಹಳ, ಆದರೆ ಅದು ಒಣಗುವ ಎಣ್ಣೆಯಲ್ಲ. ಜಿಗುಟು ಹಾಗೆಯೇ ಉಳಿದು ಮೊದಲ ಮಳೆಗೆ ಬೂಸ್ಟು ಬರುತ್ತದೆ. ಕಾಯಿಸಿದ ಅಗಸೆ ಎಣ್ಣೆಯನ್ನು ತೆಳುವಾಗಿ ಹಚ್ಚಿ, ಕಾಲು ಗಂಟೆ ಬಿಟ್ಟು ಪೂರ್ತಿ ಒರೆಸಿ. ಎರಡು ದಿನದ ಅಂತರದಲ್ಲಿ ಮೂರು ಸಲ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು, ಅದನ್ನು ಹರಡಿ ಹೊರಗೆ ಒಣಗಿಸಿ. ಹೊಳಪು ಬೇಕಾದವರು 30 ಗ್ರಾಂ ಅರಗನ್ನು 250 ಮಿ.ಲೀ. ಸ್ಪಿರಿಟ್‌ನಲ್ಲಿ ರಾತ್ರಿಯಿಡೀ ನೆನೆಸಿ, ಸೋಸಿ, ಕುಂಚದಿಂದ ಮೂರು ತೆಳು ಕೈ ಕೊಡಿ. ಮಳೆ ಹೊಯ್ಯುವ ದಿನ ಅರಗು ಹಚ್ಚಿದರೆ ಸ್ಪಿರಿಟ್ ಆರುವಾಗ ಗಾಳಿಯ ತೇವ ಅದರ ಮೇಲೆ ಕೂತು ಬಿಳಿ ಮಬ್ಬು ಕಟ್ಟುತ್ತದೆ. ಬಾಯಿಯ ಒಳಗೆ ಮಾತ್ರ ಅರಗು, ಹೊರಗೆ ಎಣ್ಣೆ ಮತ್ತು ಜೇನುಮೇಣ ಎಂಬ ಜೋಡಿ ಚಿಪ್ಪಿಗೆ ಚೆನ್ನಾಗಿ ಒಪ್ಪುತ್ತದೆ.

ಚಪ್ಪಟೆ ಸುರುಳಿ ಬೇಕಾದರೆ

ನಾಟಿಲಸ್‌ನಂಥ ಚಪ್ಪಟೆ ಸುರುಳಿಗೆ ಶಂಕುವಿನ ದಾರಿ ಆಗದು. (ನಿಜವಾದ ನಾಟಿಲಸ್ ಚಿಪ್ಪು 1972ರ ವನ್ಯಜೀವಿ ಕಾಯ್ದೆಯ ಅಡಿ ರಕ್ಷಿತ, ಮಾದರಿಗೆಂದು ಕೊಳ್ಳಲು ಹೋಗಬೇಡಿ, ಚಿತ್ರ ಸಾಕು.) ಅದಕ್ಕೆ ಬಳೆಗಳನ್ನು ಕಡೆದು, ಅರ್ಧಕ್ಕೆ ಕೊಯ್ದು, ಒಂದರ ತುದಿಗೆ ಮುಂದಿನ ಚಿಕ್ಕದರ ಅರ್ಧವನ್ನು ಅಂಟಿಸುತ್ತ ಹೋಗಬೇಕು. ಎಲ್ಲ ಬಳೆಯ ದಪ್ಪವೂ 20 ಮಿ.ಮೀ. ಇಟ್ಟು, ನಡುಗೆರೆಯ ತ್ರಿಜ್ಯವನ್ನು 50, 40, 30, 20 ಎಂದು ಇಳಿಸಿದರೆ ಸುತ್ತುಗಳು ಒಂದಕ್ಕೊಂದು ತಾಗಿ ಕೂರುತ್ತವೆ, ಆದರೆ ಸಿಗುವುದು ಚಕ್ಕುಲಿ. ಚಿಪ್ಪು ಬೇಕಾದರೆ ಬಳೆಯ ದಪ್ಪವೂ ಇಳಿಯಬೇಕು. ಆಗ ಪ್ರತಿ ಜೋಡಣೆಯಲ್ಲಿ ಮೆಟ್ಟಿಲು ಬರುತ್ತದೆ, ದಪ್ಪ ಬದಿಯಿಂದ ಅರ ಹಾಕಿ ಅದನ್ನು ಇಳಿಜಾರು ಮಾಡಬೇಕು. ಗರಗಸ ತಿಂದುಬಿಡುವ ಒಂದೆರಡು ಮಿ.ಮೀ.ಯನ್ನು ಮರೆಯಬೇಡಿ: ಕೊಯ್ದ ಬಳೆ ಸರಿಯಾದ ಅರ್ಧ ಉರುಟಾಗಿ ಉಳಿಯುವುದಿಲ್ಲ, ಜೋಡಣೆ ಬಾಯಿ ಬಿಡುತ್ತದೆ. ಕೊಯ್ದ ಮುಖಗಳನ್ನು ಗಾಜಿನ ಮೇಲೆ ಹಾಸಿದ 120ರ ಕಾಗದದಲ್ಲಿ ಸಮ ಮಾಡಿ, ಒಂದು ಬಳೆಯಿಂದ ಒಂದೇ ಒಳ್ಳೆಯ ಅರ್ಧ ಎಂದು ಎಣಿಸಿ, ಎರಡನೆಯದನ್ನು ಮತ್ತೊಂದು ಚಿಪ್ಪಿಗೆ ಇಡಿ. ಜೋಡಣೆಯ ಒಳಗೆ 6 ಮಿ.ಮೀ. ಬಿದಿರಿನ ಕಡ್ಡಿ ಕೂರಿಸಿ, ಫೆವಿಕಾಲ್ ಹಾಕಿ ರಬ್ಬರ್ ಪಟ್ಟಿಯಿಂದ ಬಿಗಿದು, ಒಂದು ಹಗಲು ಒಂದು ರಾತ್ರಿ ಬಿಟ್ಟ ಮೇಲೆಯೇ ಅರ ಹಾಕಿ.